ಕೆಳಗಿನ ಪಾವಟಿಗಿ

ಗೋದಾಮು ಅನ್ನೋ ಮಾತು ಕೇಳಿದಾಗಿಂದ ದಿಗಂಬರ ತನ್ನ ಕೈಯನ್ನ ನೋಡ್ಕೋತ ಕುಂತಿದ್ದ. ಇಪ್ಪತ್ತೆರಡು ವರ್ಷ ನವಿ ಪೇಠ ಬಜಾರದ ಒಂದೇ ಅರಿವಿ ಅಂಗಡ್ಯಾಗ ಬಸ್ತಾ ತೋರಿಸಿದ ಕೈ ಅದು. ಮದುವಿ ಮನ್ಯಾವ್ರು ಹತ್ತು-ಹದಿನೈದು ಮಂದಿ ಕೂಡಿ ಬಂದು, ಮದುಮಗಳಿಂದ ಹಿಡದು ಸೋದರತ್ತಿ ತನಕ ಎಲ್ಲಾರಿಗೂ ಅರಿವಿ ಕೊಳ್ಳೋದಕ್ಕ ಬಸ್ತಾ ಅಂತಾರ. ಗಾದಿಮ್ಯಾಲ ಕುಂತು ಮೊದಲನೇ ಸೀರಿ ಬಿಚ್ಚಿ ಹರವೋದು ದಿಗಂಬರನ ಕೆಲಸ. ಮುನಿಸಿಕೊಂಡ ಅತ್ತಿ ಯಾರು, ಬಾಯಿ ಬಿಡದ ಮದುಮಗಳಿಗೆ ಯಾವ ಬಣ್ಣ ಬೇಕು, ಮಾರಿ ನೋಡೇ ತಿಳೀತಿತ್ತು ಅವಗ. ಆ ಸುಖಾ ಅಂವ ಮನ್ಯಾಗೂ ಕಂಡಾಂವಲ್ಲ. ಈಗ ಆ ಗಾದಿಗೇ ಸಂಚಕಾರ ಬಂದಿತ್ತು.

ಆಗಿದ್ದಿಷ್ಟ. ಅಂಗಡಿ ಸಾವಕಾರ ಮಲಕಾಜಪ್ಪನ ಮಗಾ ಅಮೋಲ ಪುಣೇದಾಗ ಅದೇನೋ ಕೋರ್ಸ್ ಮಾಡಿ ಬಂದ. ಬಂದಾಂವನೇ ಅಂಗಡಿ ಗ್ವಾಡಿಗೆ ಐದು ಪಾವಟಿಗಿ ಚಿತ್ರ ಅಂಟಿಸಿದ. ಕೆಳಗಿಂದು ಹೊಟ್ಟಿಪಾಡು, ಅದರ ಮ್ಯಾಲ ಭದ್ರತಾ, ಆಮ್ಯಾಲ ಪ್ರೀತಿ, ಮಾನ, ತುದಿಗೆ ಮನಸ್ಸಿನ ತೃಪ್ತಿ.

"ಕೆಲಸದಾಗ ಯಾವ ಪಾವಟಿಗಿಮ್ಯಾಲ ಇದ್ದೀರಿ, ನಿಮ್ಮ ಹೆಸರಿನ ಚೀಟಿ ಅಲ್ಲೇ ಹಚ್ಚರಿ," ಅಂತ ಅಂಗಡಿ ಮಂದಿಗೆಲ್ಲ ಅಂದ.

ದಿಗಂಬರ ಶಾಣ್ಯಾ, ಆದ್ರ ಅವತ್ತು ಶುದ್ಧ ದಡ್ಡತನ ಮಾಡಿದ. ಆಗಲೇ ಹಚ್ಚಿದ್ದ ಚೀಟಿಗೋಳ್ನ ಒಮ್ಮೆ ನೋಡಿ, ತನ್ನ ಚೀಟಿ ಎಲ್ಲಾಕಿಂತ ಕೆಳಗ ಹಚ್ಚಿದ.

ಮರುದಿನ ಅಮೋಲ ಕರದ. "ಕಾಕಾ, ನೀವು ಬರೇ ಹೊಟ್ಟಿಗೋಸ್ಕರ ಬರ್ತೀರಿ. ಮನಸ್ಸಿಲ್ಲದಾವ್ರು ಬಸ್ತಾ ಮಾಡಬಾರದು. ಸೋಮವಾರದಿಂದ ಗೋದಾಮು ನೋಡ್ಕೋರಿ."

ಗೋದಾಮಂದ್ರ ಗಂಟು, ಧೂಳು, ಮಾತಾಡಾಕ ಒಂದು ಮನಷಾ ಇಲ್ಲ. ಮನಿಗೆ ಹೋಗಿ ಎಲ್ಲಾ ಹೇಳಿದ. "ಬಾಯಿ ಬಿಟ್ಟು ಹೇಳಾಕೇನ ಧಾಡಿ?" ಅಂತ ಹೆಂಡತಿ ದ್ವಾರಕಾ ಬೈದಳು. ಎದುರು ಮಾತಾಡ್ದ ಅಂತ ಇದ್ದ ಕೆಲಸನೂ ಹೋದ್ರ ಅನ್ನೋ ಅಂಜಿಕಿ ಅವಗ.

ಸೋಮವಾರ ಅಕ್ಕಲಕೋಟದಿಂದ ಒಂದು ಮದುವಿ ಮಂದಿ ಬಸ್ತಾಕ್ಕ ಬಂದ್ರು. ಹೊಸದಾಗಿ ಸೇರಿದ ರೂಪಾಲಿ ಗಾದಿಮ್ಯಾಲ ಹಸರ ಸೀರಿ ಹರವಿದ್ಳು. ಒಲ್ಲೆ ಅನ್ನಲಾರದ ಮದುಮಗಳು ತಲಿ ಬಗ್ಗಿಸಿದ್ದು ಗೋದಾಮಿನ ಬಾಗಿಲಾಗ ನಿಂತ ದಿಗಂಬರಗ ಕಾಣ್ತು. ತಡಕೊಳ್ಳಾಕ ಆಗಲಿಲ್ಲ. ಗ್ವಾಡಿತನಕ ಹೋಗಿ, ತನ್ನ ಚೀಟಿ ಕಿತ್ತು ತುದಿ ಪಾವಟಿಗಿಗೆ ಹಚ್ಚಿದ.

"ಇದು ಖರೇ ಇದ್ರ ಅವತ್ತ್ಯಾಕ ಕೆಳಗ ಹಚ್ಚಿದ್ರಿ?" ಅಮೋಲ ಕೇಳಿದ.

ದಿಗಂಬರ ಗ್ವಾಡಿಮ್ಯಾಲಿನ ಇನ್ನೊಂದು ಚೀಟಿಗೆ ಬೆರಳು ಮಾಡಿದ. "ಸಾವಕಾರ್ರು ತಮ್ಮ ಚೀಟಿ ಕೆಳಗಿಂದ ಎರಡನೇದಕ್ಕ ಹಚ್ಚಿದ್ರು. ಅವರಕಿಂತ ಮ್ಯಾಲ ನಾ ಹೆಂಗ ಕೂಡಲ್ರಿ?"

ಎರಡನೇ ಪಾವಟಿಗಿಮ್ಯಾಲಿದ್ದ ಅಪ್ಪನ ಹೆಸರನ್ನ ಅಮೋಲ ಆಗ ಓದಿದ. ಗಲ್ಲಾದ ಮುಂದ ಕುಂತ ಮಲಕಾಜಪ್ಪ ಮಗನ ಕಡೆ ನೋಡಲಿಲ್ಲ.

"ರೂಪಾಲಿ, ಸ್ವಲ್ಪ ಸರಿಯವಾ," ಮಲಕಾಜಪ್ಪ ಅಂದ. "ದಿಗಂಬರ, ಕೂಡು. ನಿನಗರ ತುದಿ ಪಾವಟಿಗಿ ಸಿಕ್ಕೈತಲ್ಲ, ಬಿಡಬ್ಯಾಡ."