ಗತಿಯಿಲ್ಲದವರ ನೆಲ

ಅವ್ವನ ತಿಥಿಯ ದಿನ ಯಾಮಿನಿ ಅನ್ನ, ಮೊಟ್ಟೆಸಾರು ಮಾಡಿದಳು. ಸಮಾಧಿಯ ಮುಂದೆ ಎಡೆ ಇಡಬೇಕು. ಆದರೆ ಸಮಾಧಿ ಎಲ್ಲಿದೆ? ಕೊರೊನಾ ಎರಡನೇ ಅಲೆಯ ಕಾಲ, ಅವ್ವನನ್ನು ಒಯ್ದದ್ದೂ ಅದೇ. ಊರಿಗೆ ಹೋದರೆ ಮತ್ತೆ ಜಪಾನಿನೊಳಕ್ಕೆ ಬಿಡುವುದಿಲ್ಲ, ಬರದಿದ್ದರೆ ಕೆಲಸವಿಲ್ಲ. ಅಲ್ಲಿನ ಗ್ಯೋಟೋಕು ಎಂಬ ಊರಿನ ಒಂಟಿ ಕೋಣೆಯಲ್ಲೇ ಕೂತು ಅತ್ತಳು. ಮೈಸೂರಿನ ಪಕ್ಕದ ಅವರ ಕೇರಿಯ ಮಸಣ ಎಂದೋ ಲೇಔಟ್ ಆಗಿತ್ತು. 'ಗ್ರೀನ್ ವ್ಯಾಲಿ' ಎಂದು ಬೋರ್ಡು ನೆಟ್ಟ ದಿನವೇ ಮಸಣದ ಹೆಸರೂ ಸತ್ತಿತು. ಅವ್ವ ಜಯಮ್ಮನ ಹೆಣವನ್ನು ಆಂಬುಲೆನ್ಸಿನವರು ಎತ್ತ ಒಯ್ದರೋ, ಊರಲ್ಲಿದ್ದ ಅಣ್ಣನಿಗೂ ತಿಳಿಯಲಿಲ್ಲ.

ಯಾಮಿನಿಯ ಪಾಲಿಗೆ ಬಂದ ಕೆಲಸವಾದರೂ ಎಂಥದ್ದು ನೋಡಿ! ಇಂಗ್ಲೆಂಡಿನ ಯಾವುದೋ ಪುಟ್ಟ ಹಳ್ಳಿಯ ಚರಿತ್ರೆ, ಅಲ್ಲಿನ ಹೊಲ, ತೋಪುಗಳ ಹಳೆಯ ಹೆಸರು, ಎಲ್ಲವನ್ನೂ ಕಂಪ್ಯೂಟರ್ ನಕ್ಷೆಗೆ ಏರಿಸುವುದು. ಚರ್ಚಿನ ಬೇಲಿಯಾಚೆ ಒಂದು ತುಂಡು ನೆಲಕ್ಕೆ 'ಪಾಪರ್ಸ್ ಏಕರ್', ಅಂದರೆ ಬಡವರ ಎಕರೆ, ಎಂಬ ಹೆಸರು. ಪ್ಲೇಗಿನಲ್ಲಿ ಸತ್ತ ಗತಿಯಿಲ್ಲದವರನ್ನು ಹೂತ ಜಾಗ. ನಕ್ಷೆಗೆ ದುಡ್ಡು ಕೊಡುವ ಜಮೀನುದಾರನಿಗೆ ಅಲ್ಲಿ ಮನೆ ಕಟ್ಟಿ ಮಾರಬೇಕಿತ್ತು.

"ಆ ಹೆಸ್ರು ತೆಗ್ದು 'ಆರ್ಚರ್ಡ್ ವ್ಯೂ' ಅಂತ ಹಾಕಮ್ಮ," ಫೋನಿನಲ್ಲಿ ಟೀಮ್ ಲೀಡ್ ನಂಜುಂಡಸ್ವಾಮಿ ಹೇಳಿದ. "ಮಧ್ಯಾಹ್ನ ಮೀಟಿಂಗಲ್ಲಿ ಕ್ಲೈಂಟ್‌ಗೆ ತೋರಿಸ್ಬೇಕು."

"ಸರ್, ಅದರ ಕೆಳಗೆ ಜನ ಇದ್ದಾರೆ."

"ಅವ್ರು ಸತ್ತು ಯಾವ ಕಾಲ ಆಯ್ತಮ್ಮ! ನಿನ್ನ ವೀಸಾ ರಿನ್ಯೂ ಆಗ್ಬೇಕೋ ಬೇಡ್ವೋ?"

ಬೆದರಿಕೆಯನ್ನೂ ಉಪಚಾರದಂತೆ ಬಡಿಸುವುದರಲ್ಲಿ ಆತ ನಿಸ್ಸೀಮ. ಯಾಮಿನಿ ಅಳಿಸಲು ಬೆರಳಿಟ್ಟಳು. ಬೆನ್ನ ಹಿಂದೆ ಯಾರೋ ಬಂದು ಕೂತಂತಾಯಿತು.

"ನನ್ನ ಎಲ್ಲಿ ಮಡಗಿದ್ದೀರವ್ವ?"

ಅವ್ವನದೇ ದನಿ. ತಿರುಗಿದರೆ ಬರೀ ಗೋಡೆ. ಯಾಮಿನಿ ಕಣ್ಣೊರೆಸಿಕೊಂಡು ಎಡೆಯ ತಟ್ಟೆಯನ್ನು ತಂದು ಲ್ಯಾಪ್‌ಟಾಪಿನ ಮುಂದೆ, ಆ ಹೆಸರಿನ ಎದುರಿಗೇ ಇಟ್ಟಳು. ಕೈಮುಗಿದಳು. ದೇಶ ಯಾವುದಾದರೇನು, ಅಲ್ಲಿ ಮಲಗಿದವರು ಅವಳ ಕೇರಿಯವರೇ.

ಮಧ್ಯಾಹ್ನ ಕ್ಲೈಂಟ್ ಬರುವ ಮುಂಚೆ ಟೀಮಿನವರೆಲ್ಲ ಪರದೆಯ ಮೇಲೆ ಸೇರಿದರು.

"ತೆಗ್ದ್ಯಾ?" ನಂಜುಂಡಸ್ವಾಮಿ ಕೇಳಿದ.

"ಇಲ್ಲ ಸರ್. ತೆಗಿಯೋದೂ ಇಲ್ಲ. ನಮ್ಮವ್ವನ್ನ ಎಲ್ಲಿ ಹೂತ್ರೋ ನಂಗೆ ಗೊತ್ತಿಲ್ಲ."

"ಹಾಗಾದ್ರೆ ನಾಳೆಯಿಂದ ಲಾಗಿನ್ ಆಗ್ಬೇಡ. ಹೃಷಿಕೇಶ, ನೀನು ತೆಗಿ."

ಜಪಾನಿನದೇ ಓಜಿಮಾದಲ್ಲಿದ್ದ ಹೃಷಿಕೇಶ, ಸಾಹೇಬರು ಏನಂದರೂ ಗೋಣು ಆಡಿಸುವ ಆಸಾಮಿ. ಇಂದು ಮಾತ್ರ ಅವನ ತಲೆ ಅಲ್ಲಾಡಲಿಲ್ಲ.

"ಬೇಗ ಕಣಯ್ಯಾ, ಕ್ಲೈಂಟ್ ಬರ್ತಾನೆ!"

"ಕೊರೊನಾದಲ್ಲಿ ನಮ್ಮಪ್ಪನ್ನ ಎಲ್ಲಿ ಸುಟ್ರು ಅಂತ ನಂಗೂ ಗೊತ್ತಿಲ್ಲ ಸರ್," ಎಂದ ಹೃಷಿಕೇಶ. "ನಾನೂ ತೆಗಿಯಲ್ಲ."