ಫ್ಯಾನು ಮಾಯ

ಮಾತಿನಿಂದ ಗದ್ದಲವನ್ನು ಸೋಸಿ ತೆಗೆಯುವ ಸಂಶೋಧನೆಯಲ್ಲೇ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಮೂವತ್ತು ವರ್ಷ ಕಳೆದು ತಲೆಗೂದಲು ಬೆಳ್ಳಗೆ ಮಾಡಿಕೊಂಡಿದ್ದರು. ಅವರ ಸೂತ್ರ ಸರಳವಾಗಿತ್ತು: ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಸದ್ದು ಗದ್ದಲ, ಅದನ್ನು ಅಳಿಸು, ಏರಿಳಿಯುವುದು ಮಾತು, ಅದನ್ನು ಉಳಿಸು.

ನಿವೃತ್ತಿಯ ದಿನ ತರಗತಿ ತುಂಬಿ ತುಳುಕುತ್ತಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ ಕೂತಿದ್ದರು. ಮೇಷ್ಟ್ರು ಕಿರುಗುಟ್ಟುವ ಹಳೇ ಫ್ಯಾನಿನ ಕೆಳಗೆ ನಿಂತು ಐದು ನಿಮಿಷ ಪಾಠ ಮಾಡಿದರು. ಅದರ ರೆಕಾರ್ಡಿಂಗನ್ನು ತಮ್ಮ ಯಂತ್ರಕ್ಕೆ ಉಣಿಸಿ, "ಈಗ ಕೇಳಿ, ಫ್ಯಾನು ಮಾಯ!" ಎಂದು ಗುಂಡಿ ಒತ್ತಿದರು.

ಸ್ಪೀಕರಿನಿಂದ ಫ್ಯಾನಿನ ಕಿರ್‍ರ್... ಕುಂಯ್... ರಾಗವಾಗಿ ಕೇಳಿಸಿತು. ಮೇಷ್ಟ್ರ ದನಿಯ ಸುಳಿವೇ ಇರಲಿಲ್ಲ!

ಹುಡುಗರು ನಗು ತಡೆಯಲಾರದೆ ಬಾಯಿಗೆ ಕರವಸ್ತ್ರ ತುರುಕಿಕೊಂಡರು. ಮೇಷ್ಟ್ರು ಯಂತ್ರದ ಪರದೆ ನೋಡಿದರು. ಫ್ಯಾನಿನ ಸದ್ದಿನ ಗೆರೆ ಎದ್ದು ಬಿದ್ದು ಕುಣಿಯುತ್ತಿತ್ತು. ಅವರ ಪಾಠದ ಗೆರೆ ಇಸ್ತ್ರಿ ಹಾಕಿದಂತೆ ಮಟ್ಟಸವಾಗಿತ್ತು. ಬೇರೆಯವರಾಗಿದ್ದರೆ ಭೂಮಿ ಬಾಯಿಬಿಡಬಾರದೇ ಅನ್ನುತ್ತಿದ್ದರು. ಇವರ ಮುಖ ಮಾತ್ರ ಊರಗಲವಾಯಿತು.

"ನೋಡಿದ್ರಾ! ನನ್ನ ಸೂತ್ರ ನೂರಕ್ಕೆ ನೂರು ಸರಿ!"

"ಹೂಂ ರೀ," ಎಂದರು ಹೆಂಡತಿ, "ನಿಮ್ಮ ಹಿಂದಿನ ಬೆಂಚಿನೋರು ಮೂವತ್ತು ವರ್ಷದಿಂದ ಅದನ್ನೇ ಬಳಸ್ತಿದ್ದಾರೆ."