ಹನ್ನೆರಡು ಸೇಬಿನ ವರದಿ

ಪ್ರಯೋಗಾಲಯದಲ್ಲಿ ಅವಳಿಗೆ ‘ಸೀಲಮ್ಮ’ ಎಂದೇ ಅಡ್ಡಹೆಸರು. ಸೀಲು ಒಡೆದ ಮಾದರಿ ಚೀಲವನ್ನು ಮೇಲಧಿಕಾರಿಯೇ ತಂದರೂ ವಾಪಸು ಕಳಿಸುತ್ತಿದ್ದಳು. ಬೂಷ್ಟು ತಡೆಯಲು ಹೊಡೆದ ಔಷಧಿ ಹಣ್ಣಿನ ಮೇಲೆ ಎಷ್ಟು ಉಳಿದಿದೆ ಎಂದು ಅಳೆಯುವುದು ಹದಿನೆಂಟು ವರ್ಷದಿಂದ ಅವಳ ಕೆಲಸ. ಆದರೂ ಶಾಸ್ತ್ರ ಹೇಳುವುದು, ಬದನೆಕಾಯಿ ತಿನ್ನುವುದು ಎಂಬ ಗಾದೆ ಅವಳನ್ನೂ ಬಿಡಲಿಲ್ಲ.

ಭಾನುವಾರ ತಮ್ಮ ತನ್ನ ತೋಟದ ಸೇಬು ತಂದು ಅವಳ ಅಡುಗೆಮನೆಯಲ್ಲಿಟ್ಟ. ಹನ್ನೆರಡು ಪರೀಕ್ಷೆಗೆ, ಒಂದು ಅಮ್ಮನಿಗೆ. ಔಷಧಿ ಹೊಡೆದ ಮೇಲೆ ಇಪ್ಪತ್ತೊಂದು ದಿನ ಕಾಯಬೇಕು. ಇವನು ಹದಿನಾಲ್ಕಕ್ಕೇ ಕೊಯ್ಲು ಶುರು ಮಾಡಿದ್ದ. ವ್ಯಾಪಾರಿಗೆ ಅವಸರ, ಆದರೆ ವರದಿ ಇಲ್ಲದೆ ಅವನು ಸರಕು ಎತ್ತುತ್ತಿರಲಿಲ್ಲ.

“ಬಿಸಿಲು ಚೆನ್ನಾಗಿತ್ತಲ್ಲಕ್ಕಾ, ಔಷಧಿ ಎಲ್ಲಾ ಕರಗಿರುತ್ತೆ. ನೀನೇ ನೋಡ್ಬಿಡು,” ಎಂದ.

ತೋಟಕ್ಕೆ ಹೋಗಿ ತಾನೇ ಕಿತ್ತು ಸೀಲು ಹಾಕಬೇಕಾದವಳು, ತಮ್ಮನೇ ಅಲ್ಲವೇ ಎಂದು ಸುಮ್ಮನಾದಳು.

ಸೋಮವಾರ ಹಣ್ಣು ಕತ್ತರಿಸಿ, ಅರೆದು, ಯಂತ್ರಕ್ಕೆ ಕೊಟ್ಟಳು. ಬಂದ ಅಂಕಿ ಮಿತಿಯ ಹತ್ತರಲ್ಲೊಂದು ಪಾಲೂ ಇರಲಿಲ್ಲ. ಎರಡೇ ವಾರಕ್ಕೆ ಇಷ್ಟು ಕಡಿಮೆಯೇ ಎಂದು ಒಮ್ಮೆ ಅನಿಸಿತು. ಖುಷಿಯಾಗಿರುವಾಗ ಅನುಮಾನವನ್ನು ಯಾರು ಕೂರಿಸಿ ಮಾತಾಡಿಸುತ್ತಾರೆ? ಸಹಿ ಹಾಕಿ ಕಳಿಸಿಬಿಟ್ಟಳು. ಮಧ್ಯಾಹ್ನವೇ ತೋಟದಲ್ಲಿ ಲಾರಿ ತುಂಬತೊಡಗಿತು.

ಸಂಜೆ ಮನೆಗೆ ಬಂದಾಗ ಅಮ್ಮ ಕೇಳಿದಳು:

“ಹಣ್ಣು ನೋಡಿ ನಿಮ್ಮ ಆಫೀಸಿನವರು ಏನಂದ್ರೇ?”

“ಏನನ್ಬೇಕಮ್ಮ?”

“ಮೈಯೆಲ್ಲಾ ಬಿಳೀ ಪುಡಿ ಕೂತಿತ್ತು. ರಾತ್ರಿಯೆಲ್ಲಾ ಉಪ್ಪುನೀರಲ್ಲಿ ನೆನೆಹಾಕಿ, ಒಂದೊಂದನ್ನೂ ಬ್ರಷ್‌ನಲ್ಲಿ ಉಜ್ಜಿ ಒರೆಸಿಟ್ಟೆ. ನಾಲ್ಕು ಜನ ನೋಡೋ ಹಣ್ಣು. ನಮ್ಮ ಮಾನ ಹೋಗ್ಬಾರ್ದಲ್ಲ.”

ಯಂತ್ರ ಸುಳ್ಳು ಹೇಳಿರಲಿಲ್ಲ. ಅಮ್ಮನ ಕೈಯ ಶುಚಿಯನ್ನು ಅಳೆದು ಕೊಟ್ಟಿತ್ತು. ತಮ್ಮನಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ ಅಡುಗೆಕಟ್ಟೆಯ ಮೇಲಿಟ್ಟಳು.

“ಲಾರಿ ನಿಲ್ಲಿಸು. ಅಮ್ಮ ಆ ಹಣ್ಣನ್ನೆಲ್ಲಾ ತೊಳೆದಿದ್ದಾಳೆ. ವರದಿ ಸುಳ್ಳು.”

“ಅಕ್ಕಾ, ಮುಕ್ಕಾಲು ಲಾರಿ ತುಂಬಿದೆ! ಈಗ ಇಲ್ಲ ಅಂದ್ರೆ ಈ ವ್ಯಾಪಾರಿ ಇನ್ನೊಂದು ಸಲ ಈ ಕಡೆ ತಲೆ ಹಾಕಲ್ಲ. ತೊಳೆದ್ರೆ ಹೋಗುತ್ತೆ ಅಂತ ಆಯ್ತಲ್ಲ, ಇನ್ನೇನು? ಲೋಕದಲ್ಲಿ ಯಾರು ತೊಳೀದೆ ತಿಂತಾರೆ?”

ಇದಕ್ಕೆ ಅವಳ ಬಳಿ ಪುಸ್ತಕದ ಉತ್ತರವಿತ್ತು. ಅಷ್ಟರಲ್ಲಿ ಅಮ್ಮ ಮಧ್ಯೆ ಬಾಯಿ ಹಾಕಿದಳು.

“ನಾನು ತಿಂದ್ನಲ್ಲೋ. ನನಗೆ ಅಂತ ಒಂದು ಕೊಟ್ಟಿದ್ಯಲ್ಲ, ಹಾಗೇ ಕಚ್ಚಿ ತಿಂದೆ. ಹೆತ್ತ ಮಗ ಬೆಳೆದಿದ್ದು, ಅದನ್ಯಾಕೆ ತೊಳೀಲಿ?”

ಒಂದು ಹಣ್ಣಿನಿಂದ ಅಮ್ಮನಿಗೆ ಏನೂ ಆಗದೆಂದು ಅಕ್ಕನಿಗೆ ಗೊತ್ತಿತ್ತು. ಅದನ್ನು ಆ ಕ್ಷಣವೇ ಹೇಳುವ ಅವಸರ ಮಾತ್ರ ಅವಳಿಗಿರಲಿಲ್ಲ.

ಆ ಕಡೆಯಿಂದ ಕ್ರೇಟುಗಳ ಸದ್ದು ಕೇಳಿಸುತ್ತಿತ್ತು. ಅದರ ನಡುವೆ ತಮ್ಮ ಯಾರಿಗೋ ಕೂಗಿದ:

“ಇಳಿಸ್ರೋ. ಎಲ್ಲಾ ಇಳಿಸಿ.”